ಕಾಲಿಗೆ ರಿಂಗ್ ಹಾಕಿಸಿಕೊಂಡಿರುವ ತಂದೆಯವರಿಗೆ ಉಣ್ಣೆಯಲ್ಲಿ ಏನನ್ನು ಹೆಣೆದು ಕೊಡಬಹುದು?

ಪ್ರಶ್ನೆ ಕೇಳಿದವರು: ಆಲ್ದೂರಿನ ಮಗಳು, ಹಾಸನ

ಎಲ್ಲರಿಗೂ ನಮಸ್ಕಾರ. ನಾನು ಹಾಸನದಲ್ಲಿ ನೆಲೆಸಿದ್ದೇನೆ. ತವರುಮನೆ ಚಿಕ್ಕಮಗಳೂರು ತಾಲ್ಲೂಕಿನ ಆಲ್ದೂರಿನ ಹತ್ತಿರ. ಕಳೆದ ಫೆಬ್ರವರಿಯ ಕೊನೆಯಲ್ಲಿ ನಮ್ಮ ತಂದೆಯವರು ಕಾಳುಮೆಣಸು ಕೊಯ್ಯಲೆಂದು ಸಿಲ್ವರ್ ಮರಕ್ಕೆ ಒರಗಿಸಿದ್ದ ಬಿದಿರಿನ ಏಣಿಯಿಂದ ಜಾರಿ ಬಿದ್ದು, ಬಲಗಾಲಿನಲ್ಲಿ ಮೊಣಕಾಲಿನಿಂದ ಕೆಳಗಿನ ಎರಡೂ ಮೂಳೆಗಳು ಮುರಿದವು. ಮೂಳೆ ಚರ್ಮವನ್ನು ಸೀಳಿ ಹೊರಗೆ ಬಂದಿದ್ದರಿಂದ ವೈದ್ಯರು ಒಳಗೆ ರಾಡ್ ಇಡದೆ, ಮೂಳೆಯ ಮೂಲಕ ತಂತಿಗಳನ್ನು ಹಾಯಿಸಿ ಅವುಗಳನ್ನು ಹೊರಗಿನ ಲೋಹದ ಬಳೆಗಳಿಗೆ ಬಿಗಿಯುವ, ಎಲ್ಲರೂ ‘ರಿಂಗ್’ ಎಂದು ಕರೆಯುವ ಚೌಕಟ್ಟನ್ನು ಹಾಕಿದ್ದಾರೆ. ಅದು ಇನ್ನೂ ಎರಡು ಮೂರು ತಿಂಗಳು ಇರಬೇಕಾಗುತ್ತದೆ ಎಂದಿದ್ದಾರೆ. ಅವರಿಗೆ 67 ವರ್ಷ. ಸಕ್ಕರೆ ಕಾಯಿಲೆಯೂ ಸ್ವಲ್ಪ ಇದೆ. ವಾಕರ್ ಹಿಡಿದು ಮನೆಯೊಳಗೆ ಓಡಾಡುತ್ತಾರೆ.

ಈಗ ನಮ್ಮ ಕಡೆ ಮಳೆ ಹಿಡಿದಿದೆ. ರಾತ್ರಿ ಆ ಬಳೆಗಳು ತಣ್ಣಗೆ ಕೊರೆಯುತ್ತವೆ, ಚಳಿ ತಂತಿಯ ಮೂಲಕ ಮೂಳೆಗೇ ಇಳಿದಂತಾಗುತ್ತದೆ ಎಂದು ತಂದೆಯವರು ಹೇಳುತ್ತಾರೆ. ಅವರ ಹಳೆಯ ಕಂಬಳಿಯನ್ನು ಹೊದಿಸಿದರೆ ಅದರ ಎಳೆಗಳು ನಟ್ಟುಗಳಿಗೆ ಸಿಕ್ಕಿಕೊಳ್ಳುತ್ತವೆ, ಮಗ್ಗುಲು ಬದಲಿಸಿದಾಗ ಎಳೆದು ನೋವಾಗುತ್ತದೆ. ಟವಲ್ ಸುತ್ತಿದರೆ ನಡುರಾತ್ರಿಯ ಹೊತ್ತಿಗೆ ಅದು ಮಂಚದ ಕೆಳಗಿರುತ್ತದೆ. ಅಮ್ಮನಿಗೆ ಪದೇ ಪದೇ ಎದ್ದು ಹೊದಿಸುವುದೇ ಕೆಲಸವಾಗಿದೆ.

ನನಗೆ ಹೆಣಿಗೆ ಕಲಿಸಿದವರು ಅಮ್ಮ. ಅವರ ಕಣ್ಣು ಈಗ ಮಂದವಾಗಿರುವುದರಿಂದ ಅವರ 10 ನಂಬರಿನ ಕಡ್ಡಿಗಳನ್ನು ನಾನೇ ತಂದುಕೊಂಡು, ಎರಡು ವಾರ ಕುಳಿತು ಮೊಣಕಾಲಿನವರೆಗೆ ಬರುವ ಉದ್ದನೆಯ ಕಾಲುಚೀಲವೊಂದನ್ನು ಹೆಣೆದೆ. ಬಳೆಗಳ ಅಳತೆಯನ್ನು ಕಣ್ಣಂದಾಜಿನಲ್ಲಿ ಹಿಡಿದದ್ದು ನನ್ನ ತಪ್ಪು. ಊರಿಗೆ ಒಯ್ದು ತೊಡಿಸಲು ಹೋದರೆ ಅದು ಹಿಮ್ಮಡಿಯ ಮೇಲಿನ ಮೊದಲ ಬಳೆಯನ್ನೇ ದಾಟಲಿಲ್ಲ. ನನ್ನ ಮುಖ ನೋಡಿ ತಂದೆಯವರು, “ಇರಲಿ ಬಿಡು ಮಗ, ಈ ಕಾಲಿಗಾದರೂ ಆಗುತ್ತಲ್ಲ” ಎಂದು ಅದನ್ನು ಎಡಗಾಲಿಗೆ ಹಾಕಿಕೊಂಡು ದಿನವಿಡೀ ತೆಗೆಯಲಿಲ್ಲ. ಅಂದಿನಿಂದ, ಅವರಿಗೆ ನಿಜವಾಗಿ ಉಪಯೋಗಕ್ಕೆ ಬರುವಂಥದ್ದನ್ನೇ ಹೆಣೆದು ಕೊಡಬೇಕೆಂಬ ಹಂಬಲ ಮನಸ್ಸಿನಲ್ಲಿ ಕುಳಿತಿದೆ.

ಈ ಸಲ ಅಳತೆ ತೆಗೆದುಕೊಂಡು ಬಂದಿದ್ದೇನೆ. ನಟ್ಟುಗಳೂ ಸೇರಿದಂತೆ ಬಳೆಗಳ ಹೊರಸುತ್ತು 68 ಸೆಂಟಿಮೀಟರ್. ಮೇಲಿನ ಬಳೆಯಿಂದ ಕೆಳಗಿನ ಬಳೆಯವರೆಗೆ 34 ಸೆಂಟಿಮೀಟರ್. ಪಾದಕ್ಕೆ ಬಳೆಯಿಲ್ಲ, ಪಾದದ ಸುತ್ತಳತೆ ಬೆಳಿಗ್ಗೆ 25, ಸಂಜೆ ಊದಿಕೊಂಡಾಗ 27 ಸೆಂಟಿಮೀಟರ್. ಯಾವ ಆಕಾರದಲ್ಲಿ ಹೆಣೆಯಬೇಕು, ಯಾವ ದಾರ ಒಳ್ಳೆಯದು, ತಂತಿ ಚರ್ಮವನ್ನು ಹೊಗುವ ಜಾಗಗಳ ಬಳಿ ಉಣ್ಣೆ ಇರಬಹುದೇ ಎಂಬುದನ್ನು ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ: ನಿವೃತ್ತ ಶುಶ್ರೂಷಕಿ, ಹಾಸನ

ಮಗಳೇ, ಹೆಣಿಗೆಯ ಮಾತಿಗಿಂತ ಮೊದಲು ಒಂದು ಮಾತು. ಎಡಗಾಲಿಗೆ ಹಾಕಿಕೊಂಡಿರುವ ಆ ಕಾಲುಚೀಲವನ್ನು ಅವರು ಮಂಚದಿಂದ ಇಳಿಯುವ ಮುಂಚೆ ತೆಗೆಸುವ ವ್ಯವಸ್ಥೆ ಮಾಡಿ. ನಮ್ಮ ಕಡೆಯ ಹಳೆಯ ಮನೆಗಳಲ್ಲಿ ರೆಡ್ ಆಕ್ಸೈಡ್ ನೆಲ. ಮಳೆಗಾಲದಲ್ಲಿ ಅದು ಬೆವರುತ್ತದೆ. ಅದರ ಮೇಲೆ ಉಣ್ಣೆಯ ಕಾಲುಚೀಲ ತೊಟ್ಟು ವಾಕರ್ ಹಿಡಿದು ನಡೆಯುವವರ ಪೂರ್ತಿ ಭಾರ ಬೀಳುವುದು ಆ ಒಳ್ಳೆಯ ಕಾಲಿನ ಮೇಲೆಯೇ. ಮೂಳೆ ವಾರ್ಡಿನಲ್ಲಿ ಕೆಲಸ ಮಾಡಿದ ವರ್ಷಗಳಲ್ಲಿ, ಒಂದು ಕಾಲು ವಾಸಿಯಾಗುವ ಹೊತ್ತಿಗೆ ಸ್ನಾನದ ಮನೆಯಲ್ಲೋ ನಡುಮನೆಯಲ್ಲೋ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡು ಮರಳಿ ಬಂದವರನ್ನು ನಾನು ಕಂಡಿದ್ದೇನೆ. ಕಾಲುಚೀಲ ಹಾಸಿಗೆಯಲ್ಲಿ ಮಾತ್ರ ಇರಲಿ. ನಡೆಯುವಾಗ ಹಿಂದೆ ಪಟ್ಟಿಯಿರುವ, ತಳ ಸವೆಯದ ರಬ್ಬರ್ ಚಪ್ಪಲಿ ಬೇಕು.

ಇನ್ನು ತಂತಿಗಳ ವಿಷಯ. ತಂತಿ ಚರ್ಮವನ್ನು ಹೊಗುವ ಪ್ರತಿಯೊಂದು ಜಾಗವೂ ಒಂದೊಂದು ಪುಟ್ಟ ಗಾಯವೆಂದೇ ತಿಳಿಯಬೇಕು. ಆಸ್ಪತ್ರೆಯಲ್ಲಿ ತೋರಿಸಿಕೊಟ್ಟಂತೆ ಅದನ್ನು ಸ್ವಚ್ಛ ಮಾಡಿ ಮೇಲೆ ಗಾಜ್ ಎಂಬ ತೆಳು ಹತ್ತಿ ಬಟ್ಟೆ ಇಟ್ಟಿರುತ್ತಾರೆ. ಉಣ್ಣೆಯಾಗಲಿ ಬೇರೆ ದಾರವಾಗಲಿ ನೇರವಾಗಿ ಆ ಜಾಗವನ್ನು ಮುಟ್ಟಬಾರದು. ಮೊಹೇರ್‌ನಂತಹ ಕೂದಲೆದ್ದ ದಾರ ಸುತ್ತಮುತ್ತಲೂ ಬೇಡ, ಏಕೆಂದರೆ ಅದರ ನೂಲುಗೂದಲು ಉದುರಿ ಗಾಯಕ್ಕೆ ಅಂಟಿಕೊಳ್ಳುತ್ತದೆ. ಬಳೆಗಳ ಹೊರಗಿನಿಂದ ಸುತ್ತುವ ಹೊದಿಕೆಗೆ ಸಾಮಾನ್ಯವಾಗಿ ಅಡ್ಡಿಯಿರುವುದಿಲ್ಲ. ಆದರೂ ಮುಂದಿನ ಬಾರಿ ತೋರಿಸಲು ಹೋದಾಗ ಹೊದಿಕೆಯನ್ನು ಜೊತೆಗೆ ಒಯ್ದು, ವೈದ್ಯರಿಗೂ ಡ್ರೆಸ್ಸಿಂಗ್ ಮಾಡುವ ಸಿಸ್ಟರಿಗೂ ತೋರಿಸಿ ಒಪ್ಪಿಗೆ ಪಡೆದ ಮೇಲೆಯೇ ಬಳಸಿ. ಯಾವುದಾದರೂ ತಂತಿಯ ಬುಡ ಕೆಂಪಾಗಿ ಬಿಸಿಯಾದರೆ, ಕೀವು ಬಂದರೆ, ಜ್ವರ ಬಂದರೆ, ಹೊದಿಕೆಯ ಯೋಚನೆ ಬಿಟ್ಟು ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಮೇಲಿನ ಅಂಚನ್ನು ಬಿಗಿ ಮಾಡಲೇಬೇಡಿ. ಮೊಣಕಾಲಿನ ಹೊರಬದಿಯಲ್ಲಿ, ಸ್ವಲ್ಪ ಕೆಳಗೆ, ಕೈಯಾಡಿಸಿದರೆ ಸಿಗುವ ಮೂಳೆಯ ಗಂಟೊಂದಿದೆ. ಅದನ್ನು ಬಳಸಿಕೊಂಡು ಚರ್ಮದ ಅಡಿಯಲ್ಲೇ ಒಂದು ನರ ಪಾದದ ಕಡೆಗೆ ಇಳಿಯುತ್ತದೆ. ಎಲಾಸ್ಟಿಕ್ ಆಗಲಿ ಒತ್ತಾದ ಬಾರ್ಡರ್ ಹೆಣಿಗೆಯಾಗಲಿ ರಾತ್ರಿಯಿಡೀ ಅಲ್ಲಿ ಒತ್ತಿದರೆ ಪಾದವನ್ನು ಮೇಲಕ್ಕೆ ಎತ್ತುವ ಶಕ್ತಿಯೇ ಕುಂದಬಹುದು. ಹಾಗೆಯೇ ಬೆರಳುಗಳನ್ನು ಮುಚ್ಚುವ ಭಾಗ ಬೇರೆಯಾಗಿರಲಿ, ಒಂದೇ ಕೈಯಲ್ಲಿ ತೆಗೆಯಲು ಬರಲಿ. ಬೆರಳ ಬಣ್ಣ, ಬಿಸುಪು, ಊತ, ಜೋಮು ಇವನ್ನು ದಿನಕ್ಕೆ ಕೆಲವು ಸಲ ನೋಡಲೇಬೇಕು. ಬಿಚ್ಚುವುದು ಕಷ್ಟವಾದರೆ ಮನೆಯವರು ನೋಡುವುದನ್ನು ಕ್ರಮೇಣ ಬಿಟ್ಟುಬಿಡುತ್ತಾರೆ. ಸಕ್ಕರೆ ಕಾಯಿಲೆ ಇದೆ ಎಂದಿರಿ. ಅಂಥವರಿಗೆ ಪಾದದಲ್ಲಿ ಸ್ಪರ್ಶ ಮಂದವಾಗಿದ್ದರೆ ಒಳಗಿನ ಒಂದು ಗಂಟು, ಒಂದು ದಪ್ಪ ಹೊಲಿಗೆ ಬೊಕ್ಕೆ ಎಬ್ಬಿಸಿದರೂ ತಿಳಿಯುವುದಿಲ್ಲ. ಗಂಟುಗಳೂ ಹೊಲಿಗೆಯೂ ಹೊರಮುಖವಾಗಿಯೇ ಇರಲಿ.

ಬೆರಳುಗಳ ಮೇಲೆ ಭಾರದ ಹೊದಿಕೆ ಹಾಕಬೇಡಿ. ಭಾರ ಪಾದವನ್ನು ಮುಂದಕ್ಕೆ ಬಾಗಿಸುತ್ತದೆ. ತಿಂಗಳುಗಟ್ಟಲೆ ಹಾಗೆಯೇ ಇದ್ದರೆ ಹಿಮ್ಮಡಿಯ ಹಿಂದಿನ ಸ್ನಾಯು ಬಿಗಿದುಕೊಂಡು, ರಿಂಗ್ ತೆಗೆದ ಮೇಲೆಯೂ ಹಿಮ್ಮಡಿ ನೆಲಕ್ಕೆ ಊರುವುದಿಲ್ಲ.

ಉತ್ತರ: ಸಕಲೇಶಪುರದ ಬೆಳೆಗಾರ

ನಾನು ಎಂಟು ತಿಂಗಳು ಇದೇ ರಿಂಗ್ ಹಾಕಿಕೊಂಡಿದ್ದವನು. ತೊಟ್ಟವನಿಗೆ ಏನು ಬೇಕಾಗುತ್ತದೆ ಎಂಬುದನ್ನಷ್ಟೇ ಹೇಳುತ್ತೇನೆ.

ಚಳಿಯ ಬಗ್ಗೆ ನಿಮ್ಮ ತಂದೆಯವರು ಹೇಳಿರುವುದು ಅಕ್ಷರಶಃ ನಿಜ. ಜುಲೈ ತಿಂಗಳಲ್ಲಿ ಬೆಳಗಿನ ಜಾವ ಆ ಬಳೆಗೆ ಕೈ ತಾಗಿದರೆ ಬಾವಿಯ ಗಡಗಡೆಯನ್ನು ಮುಟ್ಟಿದಂತಿರುತ್ತಿತ್ತು. ಈ ಚಿಕಿತ್ಸೆಯನ್ನು 1950ರ ದಶಕದಲ್ಲಿ ಬೆಳೆಸಿದ ಇಲಿಜಾರೋವ್ ಎಂಬ ವೈದ್ಯರು ಸೈಬೀರಿಯಾದ ಕುರ್ಗಾನ್ ಎಂಬ ಊರಿನಲ್ಲಿ ಕೆಲಸ ಮಾಡುತ್ತಿದ್ದರು ಎಂದು ನನ್ನ ವೈದ್ಯರು ಒಮ್ಮೆ ಹೇಳಿದ್ದರು. ಅಂಥ ಹಿಮದ ನಾಡಿನ ರೋಗಿಗಳು ಚಳಿಯನ್ನು ಹೇಗೆ ತಡೆದರೋ ಎಂದು ರಾತ್ರಿ ಎಚ್ಚರವಾಗಿ ಮಲಗಿರುವಾಗ ಎಷ್ಟೋ ಸಲ ಯೋಚಿಸಿದ್ದೇನೆ. ಕಾಲಿನ ಮೇಲೆ ಸ್ವಲ್ಪ ಸ್ವಲ್ಪವಾಗಿ ಭಾರ ಹಾಕಿ ನಡೆಯುವುದು ಈ ಚಿಕಿತ್ಸೆಯ ಮುಖ್ಯ ಭಾಗ. ಆದ್ದರಿಂದ ಹೊದಿಕೆ ಹಾಸಿಗೆಗೆ ಒಗ್ಗಿದರೆ ಸಾಲದು, ಹೆಜ್ಜೆ ಇಡುವಾಗ ಜಾರಿ ಪಾದದ ಕೆಳಗೆ ಸಿಕ್ಕಿಕೊಳ್ಳದಂತೆಯೂ ಇರಬೇಕು.

ಇನ್ನೊಂದು ಸಂಗತಿಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನೋಡಲು ಬಂದ ನೆಂಟರೆಲ್ಲರ ಕಣ್ಣು ಮೊದಲು ಕಾಲಿನ ಮೇಲೆ ಬೀಳುತ್ತದೆ. ಚರ್ಮದೊಳಗೆ ಹೊಕ್ಕ ತಂತಿಗಳನ್ನು ಕಂಡು ಕೆಲವರು ಮುಖ ತಿರುಗಿಸುತ್ತಾರೆ, ಮಕ್ಕಳು ಹೆದರುತ್ತಾರೆ. ನನ್ನ ಅತ್ತಿಗೆ ಕಡುನೀಲಿ ಬಣ್ಣದ ಸಾದಾ ಹೊದಿಕೆಯೊಂದನ್ನು ಮಾಡಿಕೊಟ್ಟ ಮೇಲೆ ಬಂದವರು ನನ್ನ ಮುಖ ನೋಡಿ ಮಾತನಾಡತೊಡಗಿದರು. ಕಾಫಿಯ ರೇಟು, ಮಳೆಯ ಇಂಚು, ಕೂಲಿಯವರ ವಿಷಯ ಮಾತಿಗೆ ಬಂದವು. ಆ ಹೊದಿಕೆಯಿಂದ ಕಾಲಿಗೆ ಸಿಕ್ಕ ಬಿಸುಪಿಗಿಂತ ಅದು ನನಗೆ ದೊಡ್ಡದಾಗಿತ್ತು. ಬಣ್ಣವನ್ನು ಅವರನ್ನೇ ಕೇಳಿ ಆರಿಸಿ. ನನಗೆ ಬಂದ ಬಿಳಿಯ ಬಣ್ಣದ, ಹೂವಿನ ಅಂಚಿನ ಶಾಲನ್ನು ಕೊಳೆಯಾದೀತೆಂಬ ಭಯದಿಂದ ಬೀರುವಿನಿಂದ ಹೊರಗೆ ತೆಗೆಯಲೇ ಇಲ್ಲ. ಕೊಟ್ಟವರಿಗೆ ನೋವಾಗುತ್ತದೆಂದು ಇಂದಿಗೂ ಹೇಳಿಲ್ಲ.

ವಾಕರ್ ಹಿಡಿದವನಿಗೆ ಎರಡು ಕೈಯೂ ಇಲ್ಲದಂತೆಯೇ. ಕನ್ನಡಕ, ಮೊಬೈಲು, ಮಾತ್ರೆಯ ಡಬ್ಬಿ, ಇಷ್ಟನ್ನು ಕೋಣೆಯಿಂದ ಜಗಲಿಗೆ ಒಯ್ಯಲು ಪ್ರತಿ ಸಲ ಯಾರನ್ನಾದರೂ ಕೂಗಬೇಕು. ವಾಕರಿನ ಅಡ್ಡಪಟ್ಟಿಗೆ ಕಟ್ಟುವ ಒಂದು ಚೀಲವನ್ನು ಹೆಣೆಯಲು ಸಾಧ್ಯವಾದರೆ ಹೆಣೆಯಿರಿ.

ಉತ್ತರ: ಹೆಣಿಗೆ ಕಡ್ಡಿ, ಚಿಕ್ಕಮಗಳೂರು

ತಂಗಿ, ಎರಡು ವಾರದ ಕೆಲಸ ಬಳೆಯನ್ನು ದಾಟದೆ ನಿಂತಾಗ ಎಷ್ಟು ಸಂಕಟವಾಗಿರಬೇಕೆಂದು ಬಲ್ಲೆ. ಕಾಲುಚೀಲದ ಆಕಾರವನ್ನು ಮನಸ್ಸಿನಿಂದ ತೆಗೆದುಹಾಕಿ. ರಿಂಗ್ ಇರುವ ಕಾಲಿಗೆ ತೂರಿಸಿ ತೊಡಿಸುವಂಥದ್ದು ಯಾವುದೂ ಆಗುವುದಿಲ್ಲ. ಪಂಚೆಯಂತೆ ಸುತ್ತಿ ಕಟ್ಟುವಂಥದ್ದು ಬೇಕು. ಒಂದು ಆಯತಾಕಾರದ ಬಟ್ಟೆಯನ್ನು ಹೆಣೆದು, ಕಾಲಿನ ಕೆಳಗೆ ಹರಡಿ, ಎರಡೂ ಕಡೆಯಿಂದ ಮೇಲಕ್ಕೆ ತಂದು ಹೊರಬದಿಯಲ್ಲಿ ಲಾಡಿ ಕಟ್ಟುವುದು. ಕಾಲನ್ನು ಎತ್ತಿ ಹಿಡಿಯುವ ಕೆಲಸವೂ ಇರುವುದಿಲ್ಲ, ಅಮ್ಮನವರೊಬ್ಬರೇ ತೊಡಿಸಬಹುದು.

ಇದನ್ನು ಅಡ್ಡಲಾಗಿ ಹೆಣೆಯಿರಿ ಎಂಬುದು ನನ್ನ ಸಲಹೆ. ಸುತ್ತಳತೆಗೆ ತಕ್ಕಂತೆ ಕುಣಿಕೆ ಹಾಕಿಕೊಂಡರೆ ನೂರೈವತ್ತಕ್ಕೂ ಹೆಚ್ಚು ಕುಣಿಕೆಗಳು ಕಡ್ಡಿಯ ಮೇಲೆ ಒತ್ತೊತ್ತಾಗಿ ಕುಳಿತುಕೊಳ್ಳುತ್ತವೆ, ಅಳತೆ ತಪ್ಪಿದರೆ ಪೂರ್ತಿ ಬಿಚ್ಚಬೇಕು. ಅದರ ಬದಲು ಕಾಲಿನ ಉದ್ದಕ್ಕೆ ತಕ್ಕಂತೆ ಕುಣಿಕೆ ಹಾಕಿಕೊಂಡು ಸುತ್ತಳತೆ ಸಾಕಾಗುವವರೆಗೆ ಹೆಣೆಯುತ್ತ ಹೋದರೆ, ಮುಗಿಸುವ ಮುನ್ನ ಒಮ್ಮೆ ಕಾಲಿಗೆ ಸುತ್ತಿ ನೋಡಬಹುದು. ಕಡಿಮೆಯಾದರೆ ಇನ್ನೂ ಹತ್ತು ಸಾಲು, ಹೆಚ್ಚಾದರೆ ಹತ್ತು ಸಾಲು ಬಿಚ್ಚಿದರಾಯಿತು. ಅಮ್ಮನವರ 10 ನಂಬರಿನ ಕಡ್ಡಿ ಎಂದರೆ 3.25 ಮಿಲಿಮೀಟರ್, ಹೊದಿಕೆಗೆ ಅದು ತೆಳು, ಹೆಣಿಗೆ ಬಿಗಿಯಾಗುತ್ತದೆ. ನಮ್ಮ ಅಂಗಡಿಗಳಲ್ಲಿ ಸಿಗುವ ಕಡ್ಡಿಗಳಲ್ಲಿ ನಂಬರ್ ಹೆಚ್ಚಿದಷ್ಟೂ ಕಡ್ಡಿ ತೆಳ್ಳಗಾಗುತ್ತದೆ ಎಂಬುದನ್ನು ನೆನಪಿಟ್ಟು 8 ನಂಬರಿನದನ್ನು, ಅಂದರೆ 4 ಮಿಲಿಮೀಟರಿನದನ್ನು ತೆಗೆದುಕೊಳ್ಳಿ. ಆ ಕಡ್ಡಿಗೆ ಹೊಂದುವ ದಪ್ಪದ ದಾರದಲ್ಲಿ 10 ಸೆಂಟಿಮೀಟರಿಗೆ ಸುಮಾರು 22 ಕುಣಿಕೆಗಳು ಬರುತ್ತವೆ. ನಿಮ್ಮ ಕೈಯ ಬಿಗಿ ಬೇರೆಯಿರಬಹುದು. ಅಂಗೈಯಗಲದ ತುಂಡೊಂದನ್ನು ಹೆಣೆದು ಅಳೆದು ನೋಡಿದ ಮೇಲೆಯೇ ಶುರು ಮಾಡಿ. 22 ಬಂದರೆ, 34 ಸೆಂಟಿಮೀಟರಿಗೆ 75 ಕುಣಿಕೆ ಹಾಕಿಕೊಂಡು, 68ರ ಜೊತೆಗೆ ಒಂದರ ಮೇಲೊಂದು ಬರಲು 10 ಸೇರಿಸಿ, 78 ಸೆಂಟಿಮೀಟರ್ ಆಗುವವರೆಗೆ ಹೆಣೆಯಬೇಕು. ಸುಮಾರು 150 ಗ್ರಾಂ ದಾರ ಬೇಕಾದೀತು.

ಹೆಣಿಗೆ ಪ್ರತಿ ಸಾಲೂ ಸೀದಾ ಇರಲಿ. ಒಂದು ಸಾಲು ಸೀದಾ ಒಂದು ಸಾಲು ಉಲ್ಟಾ ಹೆಣೆದ ಬಟ್ಟೆ ನುಣುಪಾಗಿ ಕಾಣುತ್ತದೆ, ಆದರೆ ಅಂಚುಗಳು ಸುರುಳಿ ಸುತ್ತಿಕೊಂಡು ತಂತಿಯ ಕಡೆಗೆ ನುಗ್ಗುತ್ತವೆ. ಎಲ್ಲ ಸಾಲೂ ಸೀದಾ ಆದರೆ ಬಟ್ಟೆ ಚಪ್ಪಟೆಯಾಗಿ ಬೀಳುತ್ತದೆ, ಎರಡೂ ಮುಖ ಒಂದೇ ಆಗಿರುತ್ತದೆ, ಏಣುಗಳ ನಡುವೆ ಗಾಳಿ ನಿಂತು ಬೆಚ್ಚಗೂ ಇರುತ್ತದೆ. ಜಾಲರಿ ವಿನ್ಯಾಸ, ಜಡೆ ವಿನ್ಯಾಸ ಯಾವುದೂ ಬೇಡ. ಪ್ರತಿ ತೂತೂ ಒಂದು ನಟ್ಟಿಗೆ ಕಾದಿರುತ್ತದೆ.

ನಟ್ಟಿಗೆ ಸಿಕ್ಕಿಕೊಳ್ಳುವುದನ್ನು ತಪ್ಪಿಸಲು ಒಳಗೆ ಹತ್ತಿ ಬಟ್ಟೆಯ ಲೈನಿಂಗ್ ಬೇಕೇ ಬೇಕು. ತಂದೆಯವರದೇ ಹಳೆಯ ಪಂಚೆ ಇದ್ದರೆ ಅದಕ್ಕಿಂತ ಒಳ್ಳೆಯದು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ: ನೂರು ಸಲ ಒಗೆದು ಕುಗ್ಗುವಷ್ಟು ಕುಗ್ಗಿ, ಮೆತ್ತಗಾಗಿರುತ್ತದೆ. ಪಂಚೆಯನ್ನು ಎರಡು ಮಡಿಕೆ ಮಾಡಿ ಹೊದಿಕೆಯ ಅಳತೆಗೆ ಹೊಲಿದು, ಹೊದಿಕೆಗೆ ಅದನ್ನು ಕಾಯಂ ಆಗಿ ಹೊಲಿಯದೆ ನಾಲ್ಕು ಅಂಚಿನಲ್ಲೂ ಟಿಚ್ ಬಟನ್ ಹಾಕಿ. ಗುಂಡಿಯ ಗಟ್ಟಿ ಮುಖ ಹೊರಗಿರಲಿ. ಇಂಥ ಮೂರು ಲೈನಿಂಗ್ ಮಾಡಿಟ್ಟುಕೊಂಡರೆ ಗಾಯದ ಹತ್ತಿರವಿದ್ದು ಕೊಳೆಯಾಗುವ ಬಟ್ಟೆಯನ್ನು ಮಾತ್ರ ಬಿಚ್ಚಿ ಬಿಸಿನೀರಿನಲ್ಲಿ ಕುದಿಸಿ ಒಗೆಯಬಹುದು, ಹೆಣೆದದ್ದನ್ನು ಪದೇ ಪದೇ ನೀರಿಗೆ ಹಾಕುವ ಪ್ರಮೇಯವಿಲ್ಲ. ಮಲೆನಾಡಿನ ಮಳೆಗಾಲದಲ್ಲಿ ಒಗೆದ ಉಣ್ಣೆ ನಾಲ್ಕೈದು ದಿನ ಒಣಗದೆ ಮುಗ್ಗಲು ವಾಸನೆ ಹಿಡಿಯುವುದು ನಿಮಗೆ ಗೊತ್ತೇ ಇದೆ. ಕಟ್ಟಲು ವೆಲ್ಕ್ರೋ ಬೇಡ. ಅದು ಎಲ್ಲಕ್ಕಿಂತ ಮೊದಲು ದಾರವನ್ನೇ ಹಿಡಿದು ಕಿತ್ತುಹಾಕುತ್ತದೆ. ಅರ್ಧ ಅಂಗುಲ ಅಗಲದ ಹತ್ತಿ ಲಾಡಿ ನಾಲ್ಕು ಜೊತೆ ಸಾಕು.

ದಾರದ ಬಗ್ಗೆ ಸ್ವಲ್ಪ ಎಚ್ಚರ ಬೇಕು. ನಮ್ಮ ಫ್ಯಾನ್ಸಿ ಅಂಗಡಿಗಳಲ್ಲಿ ಉಲ್ಲನ್ ಎಂದು ಕೊಡುವುದರಲ್ಲಿ ಬಹುಪಾಲು ಅಕ್ರಿಲಿಕ್. ಅದು ಕೆಟ್ಟದ್ದೇನಲ್ಲ; ಮೆತ್ತಗಿರುತ್ತದೆ, ಬೇಗ ಒಣಗುತ್ತದೆ, ನುಸಿ ತಿನ್ನುವುದಿಲ್ಲ. ಆದರೆ ಒಮ್ಮೆ ಶುದ್ಧ ಉಣ್ಣೆ ಎಂದು ಹೇಳಿ ಹೆಚ್ಚು ಬೆಲೆಗೆ ಕೊಟ್ಟ ದಾರವನ್ನು ಮನೆಗೆ ತಂದು ತುಂಡೊಂದನ್ನು ಇಕ್ಕಳದಲ್ಲಿ ಹಿಡಿದು ದೀಪಕ್ಕೆ ಒಡ್ಡಿದೆ. ಅದು ಕರಗಿ ಹೊತ್ತಿಕೊಂಡು ತುದಿಯಲ್ಲಿ ಕಪ್ಪು ಮಣಿಯಂತೆ ಗಟ್ಟಿಯಾಯಿತು. ನಿಜವಾದ ಉಣ್ಣೆಯಾಗಿದ್ದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಜ್ವಾಲೆಯಿಂದ ಆಚೆ ತೆಗೆದರೆ ಸಾಮಾನ್ಯವಾಗಿ ತಾನೇ ಆರುತ್ತದೆ, ಬೂದಿಯನ್ನು ಬೆರಳಲ್ಲಿ ಉಜ್ಜಿದರೆ ಪುಡಿಯಾಗುತ್ತದೆ. ಇದನ್ನು ಏಕೆ ಹೇಳುತ್ತಿದ್ದೇನೆಂದರೆ, ಮಳೆಗಾಲದ ಬೆಳಿಗ್ಗೆ ನಮ್ಮ ಹಿರಿಯರು ಬಚ್ಚಲೊಲೆಯ ಮುಂದೆ ಕುಳಿತು ಕಾಲು ಕಾಯಿಸಿಕೊಳ್ಳುತ್ತಾರೆ. ನಿಮ್ಮ ತಂದೆಯವರಿಗೂ ಆ ಅಭ್ಯಾಸವಿದ್ದರೆ ಅಕ್ರಿಲಿಕ್ ಖಂಡಿತ ಬೇಡ. ಕಿಡಿ ಬಿದ್ದರೆ ಅದು ಕರಗಿ ಮೈಗೆ ಅಂಟುತ್ತದೆ. ಉಣ್ಣೆಯನ್ನೇ ತರಿಸಿ. ಬೇಕಾದಷ್ಟನ್ನೂ ಒಂದೇ ಸಲ ಕೊಂಡು, ಚೀಟಿಯ ಮೇಲಿನ ಲಾಟ್ ನಂಬರ್ ಎಲ್ಲದರಲ್ಲೂ ಒಂದೇ ಇದೆಯೇ ನೋಡಿ, ಇಲ್ಲದಿದ್ದರೆ ಬಣ್ಣದಲ್ಲಿ ಪಟ್ಟೆ ಕಾಣುತ್ತದೆ.

ಬೆರಳುಗಳಿಗೆ ಬೇರೆ ಕುಲಾವಿ ಮಾಡಿ. 15 ಸೆಂಟಿಮೀಟರ್ ಅಗಲಕ್ಕೆ 33 ಕುಣಿಕೆ ಹಾಕಿ 28 ಸೆಂಟಿಮೀಟರ್ ಉದ್ದದ ಪಟ್ಟಿ ಹೆಣೆದು, ನಡುವೆ ಮಡಚಿ, ಎರಡು ಪಕ್ಕಗಳನ್ನು ಮಾತ್ರ ಹೊರಗಿನಿಂದ ಹೊಲಿಯಿರಿ. ಮಡಿಕೆಯ ಭಾಗವೇ ಬೆರಳ ತುದಿಗೆ ಬರುವುದರಿಂದ ಅಲ್ಲಿ ಹೊಲಿಗೆಯೇ ಇರುವುದಿಲ್ಲ. ಸುತ್ತಳತೆ 30 ಬರುವುದರಿಂದ ಸಂಜೆಯ ಊತಕ್ಕೂ ಜಾಗವಿರುತ್ತದೆ. ಅಕ್ಕ ಹೇಳಿದ ಹಾಗೆ ಬೆರಳು ನೋಡಬೇಕಾದಾಗ ತುದಿ ಹಿಡಿದು ಎಳೆದರೆ ಬಂದುಬಿಡುತ್ತದೆ. ಎಳೆಯ ಕೊನೆಗಳನ್ನು ಗಂಟು ಹಾಕದೆ ದಬ್ಬಳದಲ್ಲಿ ಏಣಿನೊಳಗೆ ಎಂಟು ಹತ್ತು ಕುಣಿಕೆಗಳಷ್ಟು ದೂರ ಹಾಯಿಸಿ ಕತ್ತರಿಸಿ.

ಆಲ್ದೂರಿನ ಮಗಳು, ಹಾಸನ

ಮೂವರಿಗೂ ನನ್ನ ಹೃತ್ಪೂರ್ವಕ ಕೃತಜ್ಞತೆಗಳು. ಕಾಲುಚೀಲದ ಮಾತನ್ನು ಓದಿದ ಕೂಡಲೇ ಅಮ್ಮನಿಗೆ ಫೋನ್ ಮಾಡಿದೆ; ತಂದೆಯವರು ಅದನ್ನು ಹಾಕಿಕೊಂಡೇ ಜಗಲಿಯಲ್ಲಿ ಕುಳಿತಿದ್ದರಂತೆ. ಈಗ ರಾತ್ರಿ ಮಾತ್ರ ಎಂದು ಒಪ್ಪಿದ್ದಾರೆ. ಬಣ್ಣ ಕೇಳಿದ್ದಕ್ಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಕಂಬಳಿ ಬಣ್ಣ ಇರಲಿ, ಕರೀದು” ಎಂದರು. ಬಚ್ಚಲೊಲೆಯ ಮುಂದೆ ಕೂರುವ ಅಭ್ಯಾಸ ಇದ್ದೇ ಇದೆ, ಆದ್ದರಿಂದ ಉಣ್ಣೆಯೇ ಎಂದು ತೀರ್ಮಾನವಾಯಿತು. ಕಂಬಳಿಯನ್ನೇ ಕತ್ತರಿಸಿ ಹೊರಗಿನ ಪದರವಾಗಿ ಹೊಲಿಯಬಹುದೇ ಎಂದೂ ಒಮ್ಮೆ ಅನ್ನಿಸಿತು. ವಾಕರಿನ ಚೀಲದ ವಿಷಯ ಹೇಳಿದಾಗ ಮಾತ್ರ ಅವರ ದನಿಯಲ್ಲಿ ಉತ್ಸಾಹ ಬಂತು. ಅವರಿಗೆ ಬೇಕಾಗಿರುವುದು ಎಲೆಯಡಿಕೆ ಸಂಚಿಯಂತೆ ಎರಡು ಮೂರು ಖಾನೆಗಳಿರುವ ಚೀಲ. ಹೆಣೆದ ಚೀಲ ಮೊಬೈಲಿನ ಭಾರಕ್ಕೆ ಜೋತುಬೀಳುವುದಿಲ್ಲವೇ?

ಉತ್ತರ: ಕೊಟ್ಟಿಗೆಹಾರದಿಂದ

ಕಂಬಳಿಯನ್ನು ಕತ್ತರಿಸಬೇಡಿ. ಅದು ದಖನಿ ಕುರಿಯ ಒರಟು ಉಣ್ಣೆಯಲ್ಲಿ ನೇಯ್ದು, ಹುಣಸೆಬೀಜದ ಗಂಜಿ ಕೊಟ್ಟು ಬಿರುಸು ಮಾಡಿದ ಬಟ್ಟೆ. ಮಳೆ ತಡೆಯಲು ಕೊಪ್ಪೆ ಹಾಕಿಕೊಳ್ಳುವುದಕ್ಕೆ, ಹಾಸುವುದಕ್ಕೆ ಅದರ ಸಮ ಇಲ್ಲ, ಆದರೆ ಗಾಯದ ಕಾಲಿಗೆ ಸುತ್ತುವಂಥದ್ದಲ್ಲ. ಕತ್ತರಿಸಿದ ಅಂಚು ಎಳೆ ಬಿಡುತ್ತಲೇ ಹೋಗುತ್ತದೆ. ನಾಲ್ಕು ಮಡಿಕೆ ಮಾಡಿ ಹಾಸಿಗೆಯ ಕಾಲಡಿಗೆ ಹಾಸಿದರೆ ತಳದಿಂದ ಬರುವ ತಂಪು ನಿಲ್ಲುತ್ತದೆ.

ಉಣ್ಣೆಯ ಹೊದಿಕೆಯನ್ನು ಒಗೆಯಬೇಕಾಗಿ ಬಂದರೆ ತಣ್ಣೀರಿನಲ್ಲಿ ಅದ್ದಿ ಹಿಸುಕಿ ತೆಗೆಯಿರಿ. ಬಿಸಿನೀರಿನಲ್ಲಿ ತಿಕ್ಕಿದರೆ ಕುಗ್ಗಿ ದಪ್ಪನೆಯ ಚಾಪೆಯಂತಾಗುತ್ತದೆ. ಹಿಂಡದೆ ಟವಲಿನಲ್ಲಿ ಸುರುಳಿ ಸುತ್ತಿ ಒತ್ತಿ, ಒಲೆಯಿಂದ ದೂರದಲ್ಲಿ ಹರಡಿ ಒಣಗಿಸಬೇಕು. ಹಗ್ಗದ ಮೇಲೆ ನೇತುಹಾಕಿದರೆ ನೀರಿನ ಭಾರಕ್ಕೆ ಉದ್ದವಾಗುತ್ತದೆ.

ಉತ್ತರ: ಹೆಣಿಗೆ ಕಡ್ಡಿ, ಚಿಕ್ಕಮಗಳೂರು

ಉಣ್ಣೆಯಲ್ಲಿ ಮಾಡಿದರೆ ಜೋತುಬೀಳುತ್ತದೆ, ಜೋತುಬಿದ್ದ ಚೀಲ ಮೊಣಕಾಲಿಗೆ ತಾಗುತ್ತದೆ. ಸಂಚಿಯನ್ನು ಹತ್ತಿಯ ದಾರದಲ್ಲಿ ಕ್ರೋಶ ಕಡ್ಡಿಯಿಂದ ಒತ್ತಾಗಿ ಹಾಕಿ, ಒಳಗೆ ಖಾದಿಯ ಗಟ್ಟಿ ಬಟ್ಟೆ ಹೊಲಿಯಿರಿ. 20 ಸೆಂಟಿಮೀಟರ್ ಅಗಲ, 16 ಸೆಂಟಿಮೀಟರ್ ಆಳಕ್ಕಿಂತ ದೊಡ್ಡದು ಬೇಡ, ಏಕೆಂದರೆ ಜಾಗವಿದ್ದಷ್ಟೂ ಸಾಮಾನು ತುಂಬುತ್ತದೆ, ಮುಂದಿನ ಭಾರ ಹೆಚ್ಚಾದರೆ ವಾಕರ್ ಮುಗ್ಗರಿಸುತ್ತದೆ. ಕಟ್ಟುವ ಪಟ್ಟಿಗಳು ಅಡ್ಡಪಟ್ಟಿಯ ಎರಡು ತುದಿಗೂ ಇರಲಿ; ಕೈ ಹಿಡಿಯುವ ಜಾಗಕ್ಕೆ ಮಾತ್ರ ಏನನ್ನೂ ಸುತ್ತಬೇಡಿ, ಅದು ತಿರುಗಿದರೆ ಹಿಡಿತ ತಪ್ಪುತ್ತದೆ.

ಆಲ್ದೂರಿನ ಮಗಳು, ಹಾಸನ (ಐದು ವಾರಗಳ ನಂತರ)

ನೀವು ಹೇಳಿದಂತೆಯೇ ಹೆಣೆದು ಮುಗಿಸಿ, ಕಳೆದ ಭಾನುವಾರ ಊರಿಗೆ ಹೋಗಿ ಕೊಟ್ಟು ಬಂದೆ. ನನ್ನ ಕೈ ಬಿಗಿಯಾದ್ದರಿಂದ 10 ಸೆಂಟಿಮೀಟರಿಗೆ 24 ಕುಣಿಕೆ ಬಂದವು. 82 ಕುಣಿಕೆ ಹಾಕಬೇಕಾಯಿತು. ಅದಕ್ಕೂ ಮುಂಚಿನ ವಾರ ಆಸ್ಪತ್ರೆಗೆ ಹೋದಾಗ ಅರ್ಧ ಆಗಿದ್ದ ಹೊದಿಕೆಯನ್ನೂ ಒಂದು ಲೈನಿಂಗನ್ನೂ ತೋರಿಸಿದ್ದೆವು. ವೈದ್ಯರು ಒಪ್ಪಿದರು, ಡ್ರೆಸ್ಸಿಂಗ್ ಆದ ಮೇಲೆ ಒಂದು ಗಂಟೆ ಗಾಳಿಯಾಡಲು ಬಿಟ್ಟು ನಂತರ ಕಟ್ಟಿ ಎಂದು ಹೇಳಿದರು.

ಲೈನಿಂಗಿಗೆ ಅಮ್ಮ ಕೊಟ್ಟದ್ದು ನನ್ನ ಮದುವೆಯಲ್ಲಿ ತಂದೆಯವರು ಉಟ್ಟಿದ್ದ ಪಂಚೆ. ಅಂಚಿನ ಹಸಿರು ಗೆರೆ ಒಂದು ಕಡೆ ಹಾಗೆಯೇ ಉಳಿದುಕೊಂಡಿದೆ. ತಂದೆಯವರು ಹೊದಿಕೆಯನ್ನು ತಿರುಗಿಸಿ ನೋಡಿ, ಆ ಗೆರೆಯ ಮೇಲೆ ಹೆಬ್ಬೆರಳು ಆಡಿಸಿ, ಏನೂ ಹೇಳದೆ ಕಾಲು ಚಾಚಿದರು. ಅಮ್ಮ ಕಾಲಡಿಗೆ ಹರಡಿ ನಾಲ್ಕು ಲಾಡಿ ಕಟ್ಟುವುದಕ್ಕೆ ಎರಡು ನಿಮಿಷವೂ ಹಿಡಿಯಲಿಲ್ಲ. ಮೇಲಿನ ಅಂಚಿಗೆ ಎರಡು ಬೆರಳು ಸಲೀಸಾಗಿ ಹೋಗುವಷ್ಟು ಸಡಿಲವಿದೆ.

ಅಂದು ರಾತ್ರಿ ಜೋರು ಮಳೆ. ನಾನು ಎರಡು ಸಲ ಎದ್ದು ಹೋಗಿ ನೋಡಿದೆ. ಹೊದಿಕೆ ಇದ್ದಲ್ಲೇ ಇತ್ತು, ಬೆರಳ ಕುಲಾವಿ ತೆಗೆದು ಮುಟ್ಟಿ ನೋಡಿದರೆ ಬೆರಳುಗಳು ಬೆಚ್ಚಗಿದ್ದವು, ಅಮ್ಮ ನಿದ್ದೆಯಲ್ಲಿದ್ದರು.

ಸಂಚಿಯಲ್ಲಿ ಒಂದು ತಿದ್ದುಪಡಿ ಬೇಕಾಗಿದೆ. ಕನ್ನಡಕದ ಖಾನೆಯ ಬಾಯಿ ಅಗಲವಾಗಿರುವುದರಿಂದ ಬಗ್ಗಿದಾಗ ಕನ್ನಡಕ ಹೊರಗೆ ಜಾರುತ್ತದೆ. ಮೇಲೊಂದು ಮುಚ್ಚಳ ಹಾಕಿ ಮರದ ಗುಂಡಿ ಇಡಬೇಕೆಂದಿದ್ದೇನೆ. ಒಂದು ಕೈಯಲ್ಲಿ ಹಾಕಿ ತೆಗೆಯಲು ಗುಂಡಿಗಿಂತ ಸುಲಭವಾದದ್ದು ಯಾರಿಗಾದರೂ ತಿಳಿದಿದ್ದರೆ ಹೇಳಿ, ಮುಂದಿನ ಭಾನುವಾರಕ್ಕೆ ಮುಗಿಸಿ ಒಯ್ಯುತ್ತೇನೆ.